ಪೂಜೆ ಅಲ್ಲಿ, ಪುಣ್ಯ ಇಲ್ಲಿ

ಮಾಟುಂಗಾದ ನಮ್ಮ ಅತ್ತೆ ಪ್ರತಿ ವರ್ಷ ಮಾವನ ಜನ್ಮನಕ್ಷತ್ರದ ದಿನ ಊರ ದೇವಸ್ಥಾನದಲ್ಲಿ ಹೂವಿನ ಪೂಜೆ ಮಾಡಿಸುತ್ತಾರೆ. ಹೋಗುವುದಿಲ್ಲ, ದುಡ್ಡು ಕಳಿಸುತ್ತಾರೆ. ವಾರದಲ್ಲಿ ಅಂಚೆ ಲಕೋಟೆ ಬರುತ್ತದೆ: ಕಾಗದದ ಮಡಿಕೆಯಲ್ಲಿ ಕುಂಕುಮ, ಒಣಗಿ ಪುಡಿಯಾದ ಹೂವು, ಒಂದು ರಸೀದಿ. ನವೀಕರಿಸಬಹುದಾದ ಇಂಧನದ ಪ್ರಮಾಣಪತ್ರ, ಆರ್‌ಇಸಿ, ಅಂದರೆ ಏನೆಂದು ಅವರು ಕೇಳಿದಾಗ ನಾನು ಆ ರಸೀದಿಯನ್ನೇ ತೋರಿಸಿದೆ.

ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರವೊಂದು 1,000 ಯೂನಿಟ್ ಕರೆಂಟು ಮಾಡಿತು ಅನ್ನಿ. ಕರೆಂಟು ಹತ್ತಿರದ ಸಬ್‌ಸ್ಟೇಷನ್ನಿಗೆ ಹೋಗಿ ಕಲ್ಲಿದ್ದಲಿನ ಕರೆಂಟಿನ ಜೊತೆ ಬೆರೆತುಹೋಯಿತು, ಮಾಮೂಲಿ ದರಕ್ಕೇ ಮಾರಾಟವೂ ಆಯಿತು. ಅದು ಹಸಿರು ಎಂಬ ಹೆಗ್ಗಳಿಕೆ ಮಾತ್ರ ಬೇರೆಯಾಗಿ ಒಂದು ಪ್ರಮಾಣಪತ್ರವಾಯಿತು. ಮುಂಬಯಿಯ ವಿತರಣಾ ಸಂಸ್ಥೆ ಅದನ್ನು ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಕೊಂಡರೆ, ಇಂತಿಷ್ಟು ಪಾಲು ಹಸಿರಿರಬೇಕೆಂಬ ಸರ್ಕಾರಿ ಕಟ್ಟಳೆ ಅಷ್ಟರಮಟ್ಟಿಗೆ ತೀರಿತು.

2010ರಲ್ಲಿ ಶುರುವಾದಾಗ ಲೆಕ್ಕ ಚೆನ್ನಾಗಿಯೇ ಇತ್ತು. 2012ರಲ್ಲಿ ಸೌರ ಪತ್ರದ ಕನಿಷ್ಠ ಬೆಲೆ 9,300 ರೂಪಾಯಿ, ಅಂದರೆ ಯೂನಿಟ್ಟಿಗೆ ಒಂಬತ್ತು ರೂಪಾಯಿಗೂ ಮೇಲೆ. ಅದನ್ನು ನಂಬಿ ಸಾಲ ಮಾಡಿ ಫಲಕ ಹಾಕಿಸಿದವರಿದ್ದರು. ಆದರೆ ಕೊಳ್ಳಬೇಕಾದ ರಾಜ್ಯಗಳ ಕಂಪನಿಗಳು ಕೊಳ್ಳಲಿಲ್ಲ. ಅವುಗಳ ಮೇಲೆ ಕಣ್ಣಿಡಬೇಕಾದ ರಾಜ್ಯಗಳ ವಿದ್ಯುತ್ ನಿಯಂತ್ರಣ ಆಯೋಗಗಳೂ 'ಮುಂದಿನ ವರ್ಷ ತೀರಿಸಿ' ಎಂದು ಬಿಟ್ಟವು. ದಂಡವಿಲ್ಲದ ಕಟ್ಟಳೆಯನ್ನು ಯಾರು ಕೇಳುತ್ತಾರೆ? ಮಾರಾಟವಾಗದ ಪತ್ರಗಳು ಕೋಟಿ ದಾಟಿದವು. ಸ್ವಂತಕ್ಕೆ ಕರೆಂಟು ಮಾಡಿಕೊಳ್ಳುವ ಕಾರ್ಖಾನೆಗಳಿಗೂ ಈ ಹೊಣೆಯಿದೆ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಸ್ವಲ್ಪ ಜೀವ ಬಂತು. 2022ರ ನಿಯಮ ಕನಿಷ್ಠ, ಗರಿಷ್ಠ ಬೆಲೆ ಎರಡನ್ನೂ ತೆಗೆದುಹಾಕಿತು. 2024ರ ನಡುವಿನ ಹೊತ್ತಿಗೆ ಪತ್ರದ ಬೆಲೆ 200 ರೂಪಾಯಿಗಿಂತ ಕೆಳಗೆ ಬಿದ್ದಿತ್ತು, ಯೂನಿಟ್ಟಿಗೆ ಇಪ್ಪತ್ತು ಪೈಸೆಯೂ ಇರಲಿಲ್ಲ.

ಇಷ್ಟಕ್ಕೆ ಹೊಸ ಗಾಳಿಯಂತ್ರ ಯಾರೂ ನೆಡುವುದಿಲ್ಲ. ಇದ್ದದ್ದೇ ತಿರುಗುತ್ತದೆ, ಕೊಂಡವರ ಲೆಕ್ಕಪುಸ್ತಕ ಹಸಿರಾಗುತ್ತದೆ. ಅತ್ತೆ ಒಂದೇ ಏಟಿಗೆ ಹಿಡಿದರು: "ನಿತ್ಯಪೂಜೆ ನಾನು ದುಡ್ಡು ಕಳಿಸದಿದ್ದರೂ ನಡೆಯುತ್ತದೆ ಮಾರಾಯ. ಹೂವಿನ ಪೂಜೆ ಹಾಗಲ್ಲ, ಯಾರಾದರೂ ಕಟ್ಟಿದರೆ ಮಾತ್ರ. ನಿನ್ನದು ಯಾವುದರ ರಸೀದಿ?"

ಸದ್ಯಕ್ಕೆ ಹೆಚ್ಚಿನವು ನಿತ್ಯಪೂಜೆಯವು ಎಂದೇ ನನ್ನ ಅಂದಾಜು. 2029-30ಕ್ಕೆ ಹಸಿರು ಪಾಲು ಶೇ 43.33 ಆಗಬೇಕೆಂದು ಕೇಂದ್ರ ಗೊತ್ತುಮಾಡಿದೆ. ಅಷ್ಟು ಕರೆಂಟು ಕೈಯಲ್ಲಿಲ್ಲದ ಕಂಪನಿಗಳು ಪತ್ರಕ್ಕೆ ಮುಗಿಬಿದ್ದರೆ ಬೆಲೆ ಮತ್ತೆ ಏರಬಹುದು, ಈ ಸಲವೂ ಯಾರಾದರೂ 'ಮುಂದಿನ ವರ್ಷ' ಎನ್ನದಿದ್ದರೆ.