ಹಿಂದೂ ಧರ್ಮ ಓದಲು ಶುರು ಮಾಡುವವರಿಗೆ: ಬನವಾಸಿ, ಸೋಂದಾ, ಗೋಕರ್ಣದ ಜೊತೆ ಕೆಲವು ಟಿಪ್ಪಣಿ

ಹಿಂದೂ ಧರ್ಮದ ಪಾಠಕ್ಕೆ ಕೂತವರೆಲ್ಲ ಮೊದಲು ಒಂದೇ ಕಡೆ ಎಡವುತ್ತಾರೆ. ಸ್ಥಾಪಕರು ಯಾರು? ಮೂಲ ಗ್ರಂಥ ಯಾವುದು? ಯಾವಾಗ ಶುರುವಾಯಿತು? ಮೂರಕ್ಕೂ ಒಂದು ಸಾಲಿನ ಉತ್ತರ ಸಿಗುವುದಿಲ್ಲ. ಹಾಗಾಗಿ ಪಠ್ಯಪುಸ್ತಕಗಳು ಕಾಲಕ್ರಮ ಹಿಡಿಯುತ್ತವೆ: ವೇದ, ಉಪನಿಷತ್ತು, ಪುರಾಣ, ಭಕ್ತಿ. ಓದುತ್ತಾ ಹೋದರೆ ಒಂದು ಮುಗಿದು ಮತ್ತೊಂದು ಬಂತು ಅನ್ನಿಸುತ್ತದೆ. ನನ್ನ ಪ್ರಕಾರ ಈ ಕ್ರಮದಿಂದ ಆಗುವ ದೊಡ್ಡ ಗೊಂದಲ ಇದೇ. ಇಲ್ಲಿ ಯಾವುದೂ ಪೂರ್ತಿ ಮುಗಿದಿಲ್ಲ. ಹೊಸದು ಬಂದಾಗ ಹಳೆಯದು ಸ್ವಲ್ಪ ಸರಿದು ಕೂತಿತು, ಅಷ್ಟೇ. ಉತ್ತರ ಕನ್ನಡದಲ್ಲಿ ಕೂತು ಓದುವ ನಮಗೆ ಇದನ್ನು ಕಣ್ಣಾರೆ ನೋಡುವ ಅನುಕೂಲ ಇದೆ. ಅದಕ್ಕೇ ಈ ಟಿಪ್ಪಣಿಯಲ್ಲಿ ಇಸವಿಗಳ ಜೊತೆ ನಮ್ಮ ಊರುಗಳನ್ನೂ ಇಟ್ಟಿದ್ದೇನೆ.

ಬೆಂಕಿಯಿಂದ ಶುರು

ಋಗ್ವೇದದಲ್ಲಿ 10 ಮಂಡಲ (ಭಾಗ), 1028 ಸೂಕ್ತ (ಸ್ತುತಿ)ಗಳಿವೆ. ಹೆಚ್ಚಿನ ವಿದ್ವಾಂಸರು ಅದರ ಕಾಲವನ್ನು ಸುಮಾರು ಕ್ರಿ.ಪೂ. 1500ರಿಂದ 1000ದ ನಡುವೆ ಇಡುತ್ತಾರೆ. ಅದಕ್ಕೂ ಹಿಂದಿನ ಸಿಂಧೂ ಕಣಿವೆಯ ನಗರಗಳಿಗೂ ಈ ಧರ್ಮಕ್ಕೂ ಎಷ್ಟು ನಂಟು ಅನ್ನುವುದರಲ್ಲಿ ಒಮ್ಮತ ಇಲ್ಲ. ಅಲ್ಲಿನ ಲಿಪಿಯನ್ನು ಇನ್ನೂ ಓದಲಾಗಿಲ್ಲ.

ವೇದಕಾಲದಲ್ಲಿ ಗುಡಿ ಇಲ್ಲ, ವಿಗ್ರಹ ಇಲ್ಲ. ಅಗ್ನಿ, ಇಂದ್ರ, ವರುಣ, ಉಷಸ್ಸು ಇವರೇ ದೇವತೆಗಳು. ಬೆಂಕಿಗೆ ತುಪ್ಪ ಹಾಕಿ ಮಂತ್ರ ಹೇಳುವುದೇ ಪೂಜೆ. ಈ ಪದರ ಹೋಯಿತೇ? ಇಲ್ಲ. ಇವತ್ತಿಗೂ ಮದುವೆಗೆ ಸಾಕ್ಷಿ ಆಗುವುದು ಅಗ್ನಿಯೇ. ಸಪ್ತಪದಿ ತುಳಿಯುವುದು ಅದರ ಎದುರಿಗೇ. ಇಂದ್ರನಿಗೆ ಮಾತ್ರ ಈಗ ಗುಡಿ ಕಾಣುವುದು ಅಪರೂಪ. ಯಾವ ದೇವರು ಹಿಂದೆ ಸರಿದ, ಯಾವ ಆಚರಣೆ ಉಳಿಯಿತು ಅನ್ನುವುದನ್ನು ಬೇರೆ ಬೇರೆ ಬರೆದಿಟ್ಟುಕೊಳ್ಳಿ, ಆಮೇಲೆ ಉಪಯೋಗಕ್ಕೆ ಬರುತ್ತದೆ.

ಉಪನಿಷತ್ತುಗಳಲ್ಲಿ ಪ್ರಶ್ನೆಯ ದಿಕ್ಕು ಬದಲಾಗುತ್ತದೆ. ಯಜ್ಞ ಹೇಗೆ ಮಾಡಬೇಕು ಅನ್ನುವುದಕ್ಕಿಂತ, ಮಾಡುವ ನಾನು ಯಾರು ಅನ್ನುವುದು ಮುಂದೆ ಬರುತ್ತದೆ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ಆಲದ ಹಣ್ಣೊಂದನ್ನು ತರಲು ಹೇಳುತ್ತಾನೆ. ಒಡೆ ಅನ್ನುತ್ತಾನೆ. ಒಳಗೆ ಸಣ್ಣ ಸಣ್ಣ ಬೀಜ. ಅದರಲ್ಲಿ ಒಂದನ್ನು ಒಡೆ ಅನ್ನುತ್ತಾನೆ. ಏನು ಕಾಣುತ್ತಿದೆ? ಏನೂ ಇಲ್ಲ ಅನ್ನುತ್ತಾನೆ ಮಗ. ನಿನಗೆ ಕಾಣದ ಆ ಸೂಕ್ಷ್ಮದಿಂದಲೇ ಇಷ್ಟು ದೊಡ್ಡ ಆಲದ ಮರ ನಿಂತಿದೆ, ನೀನೂ ಅದೇ ಅನ್ನುತ್ತಾನೆ ಅಪ್ಪ. ಬ್ರಹ್ಮ (ಎಲ್ಲದರ ಮೂಲ ತತ್ವ) ಮತ್ತು ಆತ್ಮದ (ಒಳಗಿನ ನಾನು) ವ್ಯಾಖ್ಯೆಯನ್ನು ಬಾಯಿಪಾಠ ಮಾಡುವ ಮೊದಲು ಈ ಭಾಗ ಓದಿ. ನನಗೆ ವಿಷಯ ಸ್ಪಷ್ಟವಾದದ್ದು ಇದರಿಂದಲೇ.

ಕರ್ಮ, ಪುನರ್ಜನ್ಮ, ಮೋಕ್ಷ ಈ ಮೂರೂ ಗಟ್ಟಿಯಾಗುವುದು ಇದೇ ಕಾಲದಲ್ಲಿ. ಮಾಡಿದ್ದಕ್ಕೆ ಫಲ ಇದೆ. ಫಲ ಉಣ್ಣಲು ಮತ್ತೆ ಹುಟ್ಟು ಇದೆ. ಆ ಸುತ್ತಿನಿಂದ ಬಿಡುಗಡೆಯೂ ಇದೆ. ಬುದ್ಧ, ಮಹಾವೀರರ ದಾರಿ ಬೇರೆ, ಆದರೆ ಈ ಪ್ರಶ್ನೆಗಳು ಅವರವೂ ಹೌದು.

ಬನವಾಸಿಯ ಹೆಡೆಯ ಕಲ್ಲು

ಶಿರಸಿ ತಾಲ್ಲೂಕಿನ ಬನವಾಸಿಗೆ ಹೋದರೆ ಎಲ್ಲರೂ ಮಧುಕೇಶ್ವರನ ದರ್ಶನ ಮಾಡಿ, ಕಲ್ಲಿನ ಮಂಚ ನೋಡಿ ಬರುತ್ತಾರೆ. ದೇವಸ್ಥಾನದ ಆವರಣದಲ್ಲೇ ಐದು ಹೆಡೆಯ ನಾಗನ ಕಲ್ಲು ಇದೆ. ಅದರ ಎದುರು ಸ್ವಲ್ಪ ಹೊತ್ತು ನಿಲ್ಲಿ. ಅಂಚಿನಲ್ಲಿ ಬ್ರಾಹ್ಮೀ ಅಕ್ಷರಗಳಿವೆ, ಭಾಷೆ ಪ್ರಾಕೃತ. ಕದಂಬರಿಗಿಂತ ಹಿಂದಿನದು, ಸಾತಕರ್ಣಿ ಅರಸರ ಕಾಲದ್ದು. ರಾಜಮನೆತನದ ಹೆಣ್ಣುಮಗಳೊಬ್ಬಳು ನಾಗನ ಶಿಲ್ಪ, ಕೆರೆ ಮತ್ತು ವಿಹಾರವನ್ನು ದಾನ ಮಾಡಿದಳು ಎಂದು ಅದರಲ್ಲಿ ಕೆತ್ತಿದೆ.

ಒಂದೇ ಕಲ್ಲಿನಲ್ಲಿ ಎಷ್ಟು ಇದೆ ನೋಡಿ. ನಾಗಪೂಜೆ ಬಹಳ ಹಳೆಯ ನೆಲದ ನಂಬಿಕೆ. ವಿಹಾರ ಅಂದರೆ ಬೌದ್ಧ ಭಿಕ್ಷುಗಳ ನೆಲೆ. ಕೆರೆ ಊರಿಗೆಲ್ಲ ಬೇಕಾದ್ದು. ಕೊಟ್ಟವಳಿಗೆ ಇವು ಬೇರೆ ಬೇರೆ ಅನ್ನಿಸಿರಲಿಲ್ಲ. ಆ ಕಲ್ಲು ಈಗ ಇರುವುದು ಶಿವನ ಗುಡಿಯಲ್ಲಿ. ಮನೆ ಹಿಂದಿನ ಬನದಲ್ಲಿ ನಾಗರಪಂಚಮಿಗೆ ಹಾಲೆರೆಯುವ ನಮ್ಮವರು ಆ ಸಾಲನ್ನು ಮುಂದುವರಿಸಿಕೊಂಡೇ ಬಂದಿದ್ದಾರೆ, ಅಲ್ವಾ?

4ನೇ ಶತಮಾನದಲ್ಲಿ ಇದೇ ಬನವಾಸಿ ಕದಂಬರ ರಾಜಧಾನಿಯಾಯಿತು. ಆ ವಂಶ ಕಟ್ಟಿದ ಬ್ರಾಹ್ಮಣ ಮಯೂರಶರ್ಮ ವೇದ ಓದಲು ಕಂಚಿಗೆ ಹೋದವನು. ಅಲ್ಲಿ ಪಲ್ಲವರ ಕಡೆಯವರೊಂದಿಗೆ ಜಗಳವಾಗಿ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ ಎಂದು ತಾಳಗುಂದದ ಶಾಸನ ಹೇಳುತ್ತದೆ. ವರ್ಣಗಳ ಬಗ್ಗೆ ಗ್ರಂಥಗಳಲ್ಲಿ ಇರುವ ನಿಯಮವನ್ನಷ್ಟೇ ಓದಿ ಸಮಾಜ ಹಾಗೇ ನಡೆಯುತ್ತಿತ್ತು ಅಂದುಕೊಳ್ಳಬೇಡಿ. ಹಾಗಂತ ಅಸ್ಪೃಶ್ಯತೆಯಂಥ ಕ್ರೌರ್ಯವನ್ನು ಪುಟ ತಿರುವಿ ದಾಟುವಂತೆಯೂ ಇಲ್ಲ. ಸಂವಿಧಾನದ 17ನೇ ವಿಧಿ ಅದನ್ನು ರದ್ದು ಮಾಡಿತು. ಅದಕ್ಕೂ ಎಷ್ಟೋ ಮೊದಲು, 12ನೇ ಶತಮಾನದಲ್ಲಿ, ಬಸವಣ್ಣ ಮತ್ತು ಶರಣರು ಕನ್ನಡದಲ್ಲೇ ಜಾತಿಯನ್ನು ಪ್ರಶ್ನಿಸಿದ್ದರು. ಈ ಭಾಗವನ್ನು ಯಾರೂ ಬಿಟ್ಟು ಓದಬಾರದು.

ಒಂದೇ ಊರು, ಮೂರು ಮಠ

ದರ್ಶನಗಳ, ಅಂದರೆ ತತ್ವಚಿಂತನೆಯ ಪಂಥಗಳ ಪಾಠ ಒಣ ಅನ್ನಿಸಿದರೆ ಶಿರಸಿ ಹತ್ತಿರದ ಸೋಂದಾಕ್ಕೆ (ಸೋದೆ) ಹೋಗಿ ಬನ್ನಿ. ಸ್ವರ್ಣವಲ್ಲಿ ಮಠ ಶಂಕರಾಚಾರ್ಯರ ಅದ್ವೈತ ಪರಂಪರೆಯದು. ಸೋದೆ ವಾದಿರಾಜ ಮಠ ಮಧ್ವಾಚಾರ್ಯರ ದ್ವೈತದ್ದು. ಅಲ್ಲೇ ದಿಗಂಬರ ಜೈನರ ಮಠವೂ ಇದೆ.

ಶಂಕರರು 8ನೇ ಶತಮಾನದವರು. ಜೀವ ಮತ್ತು ಬ್ರಹ್ಮ ಎರಡಲ್ಲ, ಭೇದ ಕಾಣುವುದು ಅವಿದ್ಯೆಯಿಂದ (ಅಜ್ಞಾನದಿಂದ) ಅನ್ನುತ್ತಾರೆ. ಮಧ್ವರು 13ನೇ ಶತಮಾನದವರು. ಅವರ ಪ್ರಕಾರ ಭೇದ ನಿಜವಾದದ್ದು. ದೇವರಿಗೂ ಜೀವಕ್ಕೂ, ದೇವರಿಗೂ ಜಡಕ್ಕೂ (ಜೀವವಿಲ್ಲದ ವಸ್ತುವಿಗೂ), ಜೀವ ಜೀವಕ್ಕೂ, ಜೀವಕ್ಕೂ ಜಡಕ್ಕೂ, ಜಡ ಜಡಕ್ಕೂ ಭೇದ ಇದೆ. ಇದೇ ಪಂಚಭೇದ. ಇಬ್ಬರೂ ಭಾಷ್ಯ ಬರೆದದ್ದು ಅದೇ ಉಪನಿಷತ್ತು, ಅದೇ ಗೀತೆ, ಅದೇ ಬ್ರಹ್ಮಸೂತ್ರಕ್ಕೆ. ಜೈನರಿಗಾದರೆ ಸೃಷ್ಟಿಕರ್ತ ದೇವರೇ ಇಲ್ಲ, ಆದರೆ ಕರ್ಮದ ನಂಬಿಕೆ ಬಹಳ ಬಿಗಿ. ನಡುವೆ ರಾಮಾನುಜರ ವಿಶಿಷ್ಟಾದ್ವೈತ ಇದೆ, ಅದಕ್ಕೆ ಮೇಲುಕೋಟೆ ಕಡೆ ನೋಡಬೇಕು.

ಸೋದೆ ಮಠದ, 16ನೇ ಶತಮಾನದ ವಾದಿರಾಜರನ್ನು ವಿಶೇಷವಾಗಿ ಗಮನಿಸಿ. ಸಂಸ್ಕೃತದಲ್ಲಿ ದೊಡ್ಡ ತಾರ್ಕಿಕರು. ಅವರೇ ಹೆಂಗಸರು ಮನೆಯಲ್ಲಿ ಹಾಡುವ ಲಕ್ಷ್ಮೀಶೋಭಾನೆಯನ್ನು ಕನ್ನಡದಲ್ಲಿ ಬರೆದರು. ಉಡುಪಿಯ ಪರ್ಯಾಯವನ್ನು (ಮಠಗಳು ಸರದಿಯಂತೆ ಕೃಷ್ಣನ ಪೂಜೆ ಮಾಡುವ ಪದ್ಧತಿ) ಎರಡು ತಿಂಗಳಿನಿಂದ ಎರಡು ವರ್ಷಕ್ಕೆ ಏರಿಸಿದವರೂ ಅವರೇ. ಅವರ ಆರಾಧ್ಯನಾದ, ಕುದುರೆ ಮುಖದ ವಿಷ್ಣು ಹಯಗ್ರೀವ ದೇವರ ನೈವೇದ್ಯವಾದ ಕಡಲೆಬೇಳೆ, ಬೆಲ್ಲದ ಹಯಗ್ರೀವ ಮಡ್ಡಿ ಇಂದು ಹಬ್ಬದ ಎಲೆಯಲ್ಲಿದೆ. ವಾದ, ಹಾಡು, ಅಡುಗೆ ಮೂರೂ ಒಬ್ಬರಲ್ಲೇ ಸೇರಿವೆ.

ಊರ ದೇವರು

ಗ್ರಂಥದಲ್ಲಿ ಸಿಗದ ಭಾಗ ಇದು, ನಮ್ಮಲ್ಲಿ ಜಾಸ್ತಿ ಇರುವುದೂ ಇದೇ. ಚೌಡಿ, ಮಾಸ್ತಿ, ಜಟಗ, ಹುಲಿದೇವರು. ಮನೆಗೆ ಕುಲದೇವರು ಬೇರೆ, ಊರಿಗೆ ಗ್ರಾಮದೇವತೆ ಬೇರೆ, ಮನಸ್ಸಿಗೆ ಇಷ್ಟದೇವರು ಬೇರೆ. ಒಬ್ಬರೇ ಮೂವರಿಗೂ ಕೈಮುಗಿಯುತ್ತಾರೆ. ಶಿರಸಿಯ ಮಾರಿಕಾಂಬೆಯನ್ನು ದುರ್ಗೆಯ ರೂಪ ಅನ್ನುತ್ತೇವೆ, ಆದರೆ ಎರಡು ವರ್ಷಕ್ಕೊಮ್ಮೆ ಅವಳು ರಥದಲ್ಲಿ ಬಿಡ್ಕಿಬೈಲಿನ ಗದ್ದುಗೆಗೆ ಬರುವಾಗ ಅವಳು ಊರಿನ ಅಮ್ಮನೇ. ಮೊದಲು ಕೋಣನ ಬಲಿ ಇತ್ತು. 1930ರ ದಶಕದಲ್ಲಿ, ಗಾಂಧೀಜಿಯವರ ಪ್ರಭಾವದ ದಿನಗಳಲ್ಲಿ ಅದು ನಿಂತಿತು. ಜಾತ್ರೆ ನಿಲ್ಲಲಿಲ್ಲ. ಆಚರಣೆ ತನ್ನನ್ನು ತಾನೇ ತಿದ್ದಿಕೊಂಡು ಉಳಿಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ದೀಪಾವಳಿಯನ್ನೂ ಹೀಗೇ ನೋಡಿ. ಪುರಾಣದಲ್ಲಿ ವಾಮನ ಬಲಿಯನ್ನು ಪಾತಾಳಕ್ಕೆ ಕಳಿಸುತ್ತಾನೆ. ನಾವು ಅದೇ ಬಲೀಂದ್ರನನ್ನು ಮನೆಗೆ ಕರೆದು ಪೂಜೆ ಮಾಡುತ್ತೇವೆ. ಕಾರವಾರದ ಮೀನುಗಾರರು ಪುಷ್ಯ ಹುಣ್ಣಿಮೆಗೆ ದೋಣಿ ಹತ್ತಿ ಕೂರ್ಮಗಡ ದ್ವೀಪದ ನರಸಿಂಹನ ಜಾತ್ರೆಗೆ ಹೋಗುತ್ತಾರೆ. ಪುರಾಣದ ನರಸಿಂಹ ಅಲ್ಲಿ ಅವರ ಕಡಲಿನ ದೇವರು.

ಗೋಕರ್ಣದ ಕಥೆ ಓದುವ ಬಗೆ

ರಾವಣ, ಆತ್ಮಲಿಂಗ, ದನ ಕಾಯುವ ಹುಡುಗನಾಗಿ ಬಂದ ಗಣಪತಿ: ಕಥೆ ಎಲ್ಲರಿಗೂ ಗೊತ್ತು. ಈಗ ಪದರಗಳನ್ನು ಬಿಡಿಸಿ. ರಾವಣ ಲಿಂಗವನ್ನು ಹುಡುಗನ ಕೈಗೆ ಕೊಟ್ಟದ್ದು ಯಾಕೆ? ಸಂಧ್ಯಾವಂದನೆ ತಪ್ಪಬಾರದು ಅಂತ. ಅದು ವೇದದ ನಿತ್ಯಕರ್ಮ. ಕೈಯಲ್ಲಿದ್ದದ್ದು ಪುರಾಣಗಳ ಶಿವನ ಲಿಂಗ. ಸೋಲಿಸಿದ್ದು ಹುಡುಗ ಗಣಪ. ಸೋತವನೂ ಕೆಟ್ಟವನಲ್ಲ, ದೊಡ್ಡ ಶಿವಭಕ್ತ. ಆಮೇಲೆ ಕಥೆ ಕರಾವಳಿಯ ಉದ್ದಕ್ಕೂ ಧಾರೇಶ್ವರ, ಗುಣವಂತೇಶ್ವರ, ಮುರ್ಡೇಶ್ವರಕ್ಕೆ ಹರಡುತ್ತದೆ. ಕಾಳಿದಾಸನ ರಘುವಂಶದಲ್ಲಿ ನಾರದ ವೀಣೆ ನುಡಿಸಲು ಹೊರಡುವುದು ಕಡಲ ದಂಡೆಯ ಇದೇ ಗೋಕರ್ಣದ ಶಿವನ ಸನ್ನಿಧಿಗೆ. ಕಥೆ ನಮ್ಮ ಊರಿನದು, ಹೆಸರು ಇಡೀ ದೇಶಕ್ಕೆ ಗೊತ್ತಿತ್ತು.

ಕೋಟಿತೀರ್ಥದ ಮೆಟ್ಟಿಲ ಮೇಲೆ ಪಿತೃಕಾರ್ಯ ಮಾಡುವವರನ್ನೂ ಗಮನಿಸಿ. ದೇವಋಣ, ಋಷಿಋಣ, ಪಿತೃಋಣ ಎಂಬ ಮೂರು ಸಾಲ ಹೊತ್ತು ಹುಟ್ಟುತ್ತೇವೆ ಅನ್ನುವ ಮಾತು ವೇದದಲ್ಲೇ ಇದೆ. ಧರ್ಮ, ಅರ್ಥ, ಕಾಮ, ಮೋಕ್ಷ ಎಂದು ಬದುಕಿನ ನಾಲ್ಕು ಗುರಿಗಳಾದ ಪುರುಷಾರ್ಥ ಬರೆಯುವಾಗ ಈ ಋಣದ ಮಾತನ್ನೂ ಸೇರಿಸಿ. ಮನೆಯಲ್ಲಿ ಹಿರಿಯರು ಧರ್ಮ ಅಂದಾಗ ಹೆಚ್ಚಾಗಿ ಹೇಳುತ್ತಿರುವುದು ಇದನ್ನೇ.

ಮುಂದಿನ ಓದಿಗೆ ನನ್ನ ಸಲಹೆ: ಛಾಂದೋಗ್ಯದ 6ನೇ ಅಧ್ಯಾಯ, ಕಠೋಪನಿಷತ್ತಿನ ನಚಿಕೇತನ ಭಾಗ, ಗೀತೆಯ 2 ಮತ್ತು 3ನೇ ಅಧ್ಯಾಯ, ಆಮೇಲೆ ಬಸವಣ್ಣ ಮತ್ತು ಅಕ್ಕಮಹಾದೇವಿಯ ಒಂದಷ್ಟು ವಚನ. ಷಡ್ದರ್ಶನಗಳ (ಆರು ತತ್ವ ಪಂಥಗಳ) ಪಟ್ಟಿ ಕೊನೆಗೆ ಸಾಕು. ನಿಮ್ಮ ಊರಿನ ಚೌಡಿಕಟ್ಟೆಗೆ ಯಾವ ದಿನ ಏನು ಎಡೆ ಇಡುತ್ತಾರೆ ಎಂದು ಅಜ್ಜಿಯನ್ನೋ ಪೂಜೆ ಮಾಡುವವರನ್ನೋ ಕೇಳಿ ಬರೆದುಕೊಳ್ಳಿ. ಅದೂ ಈ ಪಾಠದ್ದೇ ಒಂದು ಪುಟ.