ಒಂದೇ ವೈರಿನಲ್ಲಿ ಐದು ಸ್ವಿಚ್

ಕಾರಿನೊಳಗೆ ವೈರ್ ಎಳೆಯುವುದೇನೂ ದೊಡ್ಡ ವಿದ್ಯೆಯಲ್ಲ. ಆದರೆ ಸ್ಟೀರಿಯೊದ ಸ್ವಿಚ್ ಕೂರಿಸಲು ಸ್ಟೀರಿಂಗಿಗೆ ಎಳೆಯಬೇಕು ಅಂದಾಗ ತಕರಾರು ಶುರು. ಅದು ತಿರುಗುತ್ತದಲ್ವಾ? ಈ ತುದಿಯಿಂದ ಆ ತುದಿಗೆ ಸುಮಾರು ಮೂರು ಸುತ್ತು. ಸುಮ್ನೆ ಒಂದು ವೈರ್ ಕಟ್ಟಿ ಬಿಟ್ಟರೆ ಕಾರು ಅಂಗಳದಿಂದ ಹೊರಗೆ ಬರುವಷ್ಟರಲ್ಲಿ ಅದು ಕಿತ್ತುಕೊಂಡು ಬಂದಿರುತ್ತದೆ.

ಈಗಿನ ಕಾರುಗಳಲ್ಲಿ ಇದಕ್ಕೆಂದೇ ಕ್ಲಾಕ್ ಸ್ಪ್ರಿಂಗ್ ಎಂಬ ಭಾಗ ಇದೆ. ಸ್ಟೀರಿಂಗಿನ ಹಿಂದೆ ಒಂದು ದುಂಡನೆ ಡಬ್ಬಿ, ಅದರೊಳಗೆ ಸುರುಳಿ ಸುತ್ತಿದ ಚಪ್ಪಟೆ ಕೇಬಲ್. ಒಂದು ಕಡೆ ತಿರುಗಿಸಿದರೆ ಸುರುಳಿ ಬಿಗಿಯಾಗುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಸಡಿಲವಾಗುತ್ತದೆ. ಜೋಡಿಸುವಾಗ ಸುರುಳಿ ಸರಿಯಾಗಿ ನಡುವಿನಲ್ಲಿರಬೇಕು. ಇಲ್ಲದಿದ್ದರೆ ಪೂರ್ತಿ ತಿರುಗಿಸಿದ ದಿನ ಪಟ್ಟಿ ಹರಿಯುತ್ತದೆ, ಹಾರ್ನ್ ಸತ್ತುಹೋಗುತ್ತದೆ, ಏರ್‌ಬ್ಯಾಗಿನ ಎಚ್ಚರಿಕೆ ದೀಪ ಉರಿಯುತ್ತದೆ.

ಸ್ಟೀರಿಂಗಿನ ಮೇಲೆಯೇ ಸ್ವಿಚ್ ಯಾಕೆ ಬೇಕು? ರೇಸಿನವರಿಗೆ ಇದು ಮೊದಲೇ ಗೊತ್ತಿತ್ತು. 1989ರಲ್ಲಿ ಜಾನ್ ಬರ್ನಾರ್ಡ್ ವಿನ್ಯಾಸ ಮಾಡಿದ ಫೆರಾರಿ 640 ಕಾರಿನಲ್ಲಿ ಗೇರಿನ ಪಟ್ಟಿಗಳು ಸ್ಟೀರಿಂಗಿನ ಹಿಂಬದಿಗೆ ಬಂದವು. ಗೇರ್ ಬದಲಿಸಲು ಕೈ ತೆಗೆಯುವ ಕೆಲಸವೇ ತಪ್ಪಿತು. ಮೊದಲ ರೇಸಿನಲ್ಲೇ, ಬ್ರೆಜಿಲಿನಲ್ಲಿ, ನೈಜೆಲ್ ಮ್ಯಾನ್ಸೆಲ್ ಆ ಕಾರನ್ನು ಗೆಲ್ಲಿಸಿದರು. ನಮ್ಮ ತಲಪಾಡಿ–ಕಾಸರಗೋಡು ಹೆದ್ದಾರಿಯಲ್ಲಿ ಫೆರಾರಿ ಬೇಡ, 60 ಕಿ.ಮೀ. ವೇಗ ಸಾಕು. ಸ್ಟೀರಿಯೊ ಬಟನ್ ಹುಡುಕುತ್ತಾ ಎರಡು ಸೆಕೆಂಡ್ ಕಣ್ಣು ಆಚೆ ಹೋದರೆ ಕಾರು 33 ಮೀಟರ್ ಮುಂದೆ ಹೋಗಿರುತ್ತದೆ.

ಕುಂಬಳೆಯ ನನ್ನ ಗೆಳೆಯನೊಬ್ಬನ ಹತ್ತಿರ ಸ್ಯಾನ್ ಸ್ಟಾರ್ಮ್ ಇದೆ. ಒಂದು ಕಾಲಕ್ಕೆ ಗೋವಾದಲ್ಲಿ ತಯಾರಾಗುತ್ತಿದ್ದ, ಫೈಬರ್ ಬಾಡಿಯ, ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು. ಗಲ್ಫಿನಿಂದ ಬಂದ ಮೇಲೆ ಹುಡುಕಿ ಹುಡುಕಿ ತಗೊಂಡದ್ದು. ಅದರ ಸ್ಟೀರಿಂಗಿನಲ್ಲಿ ಏರ್‌ಬ್ಯಾಗ್ ಇಲ್ಲ. ಹಾಗಾಗಿಯೇ ಅವನು ಮನೆಯಲ್ಲೇ ಸ್ವಿಚ್ ಮಾಡಿ ಕೂರಿಸುತ್ತೇನೆ ಅಂದಾಗ ನಾನೂ ಹೂಂ ಅಂದೆ. ಏರ್‌ಬ್ಯಾಗ್ ಇರುವ ಸ್ಟೀರಿಂಗನ್ನು ಮನೆಯಲ್ಲಿ ಬಿಚ್ಚಲೇಬಾರದು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ಅದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಬಿಚ್ಚಿಕೊಳ್ಳುತ್ತದೆ. ಮೇಲೆ ಅಂಟಿಸಿದ ಸ್ವಿಚ್ ನೇರ ಮುಖಕ್ಕೇ ಬಂದು ಬಡಿಯುತ್ತದೆ.

ತಿರುಗುವ ಸಮಸ್ಯೆಗೆ ಅವನು ಹಳೆ ಫೋನಿನ ರಿಸೀವರಿಗೆ ಇರುತ್ತಿದ್ದ ಸುರುಳಿ ವೈರನ್ನು ಗಿಡ್ಡವಾಗಿ ಕತ್ತರಿಸಿ ಹಾಕಿದ. ಕೈಗಾಗಲಿ ಕಾಲಿಗಾಗಲಿ ಸಿಕ್ಕದಂತೆ ಸ್ಟೀರಿಂಗ್ ಕಂಬದ ಮುಚ್ಚಳದೊಳಗೇ ಅದು ಉಳಿಯಬೇಕು. ಹಾರ್ನಿನ ವೈರಿಗೆ ಕೈ ಹಚ್ಚಲಿಲ್ಲ. ನಮ್ಮ ಕಡೆಯ ರಸ್ತೆಯಲ್ಲಿ ಹಾರ್ನ್ ಇಲ್ಲದೆ ಆಗುವ ಮಾತಾ? ಫೈಬರ್ ಬಾಡಿಯಲ್ಲಿ ಇನ್ನೊಂದು ಗಮ್ಮತ್ತಿದೆ. ತಗಡಿನ ಕಾರಾದರೆ ಬಾಡಿಯೇ ಅರ್ತಿಂಗ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ; ಎಲ್ಲಿ ಬೇಕಾದರೂ ಬೋಲ್ಟ್ ಕಟ್ಟಿದರಾಯಿತು. ಫೈಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅರ್ತಿಂಗ್ ವೈರನ್ನು ಸ್ಟೀರಿಯೊದ ತನಕ ಬೇರೆಯೇ ಎಳೆಯಬೇಕು.

ಇನ್ನು ಅಸಲಿ ವಿಷಯ. ಸ್ವಿಚ್ ಐದು, ಆದರೆ ವೈರ್ ಎರಡೇ: ಒಂದು ಸಿಗ್ನಲ್, ಒಂದು ಅರ್ತಿಂಗ್. ಯಾವ ಸ್ವಿಚ್ ಒತ್ತಿದ್ದು ಎಂದು ಸ್ಟೀರಿಯೊಗೆ ಗೊತ್ತಾಗುವುದು ಹೇಗೆ?

ಸ್ಟೀರಿಯೊದೊಳಗೆ 5 ವೋಲ್ಟಿನಿಂದ, ಕರೆಂಟಿಗೆ ತಡೆಯೊಡ್ಡುವ 1 ಕಿಲೋಓಮ್ (1000 ಓಮ್) ರೆಸಿಸ್ಟರ್ ಮೂಲಕ ಸಿಗ್ನಲ್ ವೈರ್ ಹೊರಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಏನೂ ಒತ್ತದಿದ್ದಾಗ ವೈರಿನಲ್ಲಿ 5 ವೋಲ್ಟ್. ಪ್ರತಿ ಸ್ವಿಚ್ಚಿಗೂ ಬೇರೆ ಬೇರೆ ರೆಸಿಸ್ಟರ್: 100, 330, 680, 1500, 3900 ಓಮ್. ಒಂದನ್ನು ಒತ್ತಿದಾಗ ಒಳಗಿನ ರೆಸಿಸ್ಟರ್ ಮತ್ತು ಹೊರಗಿನದು ಸೇರಿ 5 ವೋಲ್ಟನ್ನು ಪಾಲು ಮಾಡಿಕೊಳ್ಳುತ್ತವೆ. ಹೊರಗಿನದರ ಪಾಲಿಗೆ ಕ್ರಮವಾಗಿ 0.45, 1.24, 2.02, 3.00, 3.98 ವೋಲ್ಟ್ ಸಿಗುತ್ತದೆ. ಸ್ಟೀರಿಯೊ ಅದನ್ನು ಅಳೆದು, ಕಲಿಸಿಕೊಟ್ಟ ಅಂಕಿಗಳಲ್ಲಿ ಹತ್ತಿರದ್ದು ಯಾವುದು ನೋಡಿ ಆ ಕೆಲಸ ಮಾಡುತ್ತದೆ. ಶಾಲೆಯಲ್ಲಿ ಕಲಿತ ಓಮ್‌ನ ನಿಯಮ ಅಷ್ಟೆ, ಬೇರೇನಿಲ್ಲ.

ಬೇಸಿಗೆಯಲ್ಲಿ ಎಲ್ಲ ಸರಿ ಇತ್ತು. ಮಳೆಗಾಲ ಹಿಡಿದ ಮೇಲೆ ಅವನ ಫೋನ್ ಬಂತು. “ಮಾರಾಯ, ಸೌಂಡ್ ಜಾಸ್ತಿ ಮಾಡುವ ಅಂದ್ರೆ ಪದ್ಯವೇ ಬದಲಾಗ್ತದೆ!”

ಸಮುದ್ರದ ಗಾಳಿಯಲ್ಲಿ ಉಪ್ಪು ಇದೆ. ಗಾಳಿಯ ತೇವಾಂಶ ಸುಮಾರು 75 ಶೇಕಡಾ ದಾಟಿದರೆ ಉಪ್ಪು ತಾನೇ ನೀರು ಎಳೆದುಕೊಂಡು ಕರಗುತ್ತದೆ. ಕಾಸರಗೋಡಿನ ಮಳೆಗಾಲದಲ್ಲಿ ತೇವಾಂಶ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಸ್ವಿಚ್ಚಿನೊಳಗಿನ ತಾಮ್ರದ ಪಟ್ಟಿಗೆ ಈ ಉಪ್ಪುನೀರು ಸೋಕಿದರೆ ಕಿಲುಬು ಹಿಡಿಯುತ್ತದೆ. ಬಿಚ್ಚಿ ನೋಡಿದಾಗ ತುದಿಯಲ್ಲಿ ಅಕ್ಕಿಕಾಳಿನಷ್ಟೂ ಇಲ್ಲದ ಹಸಿರು ಚುಕ್ಕೆ. ಅಷ್ಟೇ ಸಾಕು. ಆ ಕಿಲುಬು 200 ಓಮ್ ಸೇರಿಸಿತು ಎನ್ನಿ, 100 ಇದ್ದದ್ದು 300 ಆಗುತ್ತದೆ, ವೋಲ್ಟೇಜ್ 1.15ಕ್ಕೆ ಏರುತ್ತದೆ. ಸ್ಟೀರಿಯೊ ಕಣ್ಣಿಗೆ ಅದು ಎರಡನೇ ಸ್ವಿಚ್. ಸ್ಟೀರಿಯೊದ ತಪ್ಪೇನೂ ಇಲ್ಲ, ಅದು ಲೆಕ್ಕ ಸರಿಯಾಗಿಯೇ ಮಾಡಿದೆ.

ದೀಪದ ಸ್ವಿಚ್ಚಿಗೆ ಈ ಕಾಟ ಯಾಕೆ ಕಮ್ಮಿ? ಅದರಲ್ಲಿ ಜಾಸ್ತಿ ಕರೆಂಟ್ ಹರಿಯುತ್ತದೆ. ಒತ್ತಿದಾಗಲೆಲ್ಲ ಸಣ್ಣ ಕಿಡಿ ಹಾರಿ ತೆಳುವಾದ ಪೊರೆಯನ್ನು ಸುಟ್ಟುಬಿಡುತ್ತದೆ. ನಮ್ಮ ಸ್ವಿಚ್ಚಿನಲ್ಲಿ ಹರಿಯುವುದು 5 ಮಿಲಿಆಂಪಿಗಿಂತಲೂ ಕಡಿಮೆ. ಅಷ್ಟರಲ್ಲಿ ಕಿಡಿ ಎಲ್ಲಿಂದ? ಇಂಥ ಕಡೆ ಚಿನ್ನದ ಲೇಪದ ಸ್ವಿಚ್ ಹಾಕುವುದು ಶೋಕಿಗಲ್ಲ, ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ ಎಂದು.

ಉಪ್ಪಿನ ಎರಡನೇ ಆಟ ಇದರ ಉಲ್ಟಾ. ಸ್ವಿಚ್ ಕೂರಿಸಿದ ಬೋರ್ಡಿನ ಮೇಲೆ ತೇವದ ಪದರ ಕೂತರೆ ಅದರಲ್ಲೇ ಕರೆಂಟ್ ಸೋರುತ್ತದೆ. ಸೋರುವ ದಾರಿಯ ರೋಧ 6 ಕಿಲೋಓಮಿಗೆ ಇಳಿದರೆ ಯಾರೂ ಏನೂ ಒತ್ತದೆಯೇ ವೈರಿನಲ್ಲಿ 4.29 ವೋಲ್ಟ್. ಸ್ಟೀರಿಯೊ ಅದನ್ನು ಐದನೇ ಸ್ವಿಚ್ ಅಂದುಕೊಳ್ಳುತ್ತದೆ. ರಾತ್ರಿ ಒಬ್ಬನೇ ಹೋಗುವಾಗ ಹಾಡು ತಾನಾಗಿ ಬದಲಾದರೆ ಭೂತ ಹಿಡಿಯಿತು ಅನಿಸಲೂಬಹುದು, ಅದೂ ನಮ್ಮೂರಲ್ಲಿ.

ಸೋರುವುದನ್ನು ನಿಲ್ಲಿಸಬಹುದು. ಬೆಸುಗೆ ಹಾಕಿದಾಗ ಉಳಿಯುವ ಫ್ಲಕ್ಸ್ ಎಂಬ ಅಂಟನ್ನು ಐಸೋಪ್ರೊಪೈಲ್ ಆಲ್ಕೊಹಾಲ್ ಹಾಕಿ ಚೆನ್ನಾಗಿ ಒರೆಸಿ, ಒಣಗಿದ ಮೇಲೆ ಬೋರ್ಡಿಗೆ ವಾರ್ನಿಶ್ ಬಳಿದರೆ ಆಯಿತು. ಉಗುರಿಗೆ ಹಚ್ಚುವ ಪಾಲಿಶ್ ಕೂಡ ನಡೆಯುತ್ತದೆ. ಆದರೆ ಸ್ವಿಚ್ಚಿನ ತುದಿಗೆ ವಾರ್ನಿಶ್ ಬಳಿಯುವಂತಿಲ್ಲ, ಲೋಹಕ್ಕೆ ಲೋಹ ತಾಗಲೇಬೇಕಲ್ವಾ? ಅಲ್ಲಿ ಲೆಕ್ಕದಿಂದಲೇ ಪಾರಾಗಬೇಕು. 3900ಕ್ಕೆ 200 ಸೇರಿದರೆ 3.98 ಇದ್ದದ್ದು 4.02 ಆಗುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. 680ಕ್ಕೆ ಸೇರಿದರೆ 2.34. ಆಗಲೂ ಹತ್ತಿರದ್ದು 2.02 ಆದ್ದರಿಂದ ಬಚಾವು. 330ಕ್ಕೆ ಸೇರಿದರೆ 1.73, ಅದು ಪಕ್ಕದ ಸ್ವಿಚ್ಚಿನ ಪಾಲಾಗುತ್ತದೆ. ಪೆಟ್ಟು ಬೀಳುವುದೆಲ್ಲ ಸಣ್ಣ ರೆಸಿಸ್ಟರುಗಳಿಗೆ.

ನೀರು ಹೋಗದ ಸ್ವಿಚ್ ತಂದ ಮೇಲೂ ಅವನು 100 ಮತ್ತು 330ನ್ನು ಕಿತ್ತುಹಾಕಿದ. ಈಗ ಸ್ಟೀರಿಂಗಿನಲ್ಲಿ ಇರುವುದು ಮೂರೇ: ಸೌಂಡ್ ಜಾಸ್ತಿ, ಸೌಂಡ್ ಕಮ್ಮಿ, ಮುಂದಿನ ಹಾಡು. ಹಿಂದಿನ ಹಾಡು ಬೇಕಾದರೆ ಕಾರು ನಿಲ್ಲಿಸಿ ಒತ್ತಬೇಕು.