ಯೂನಿಕೋಡ್ ಹೊಸ ಆವೃತ್ತಿ ಬಂದರೆ ಹಳೆಯ ಕನ್ನಡ ಫೈಲು ಕೆಡುತ್ತದಾ?

ಪ್ರಶ್ನೆ: ತುಮಕೂರಿನ ಬಿ.ಎಚ್. ರಸ್ತೆ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಸಹಕಾರ ಸಂಘಗಳ ವಾರ್ಷಿಕ ವರದಿ ಮಾಡಿಕೊಡುತ್ತೇನೆ. ಈಗ ಜಾಸ್ತಿ ಕೆಲಸ ಯೂನಿಕೋಡ್‌ನಲ್ಲೇ. ಅದಕ್ಕೆ ವರ್ಷವರ್ಷ ಹೊಸ ಆವೃತ್ತಿ ಬರುತ್ತಂತೆ. ಹಾಗಾದರೆ ಇವತ್ತಿನ ಫೈಲು ಹತ್ತು ವರ್ಷ ಬಿಟ್ಟು ಓದೋಕೆ ಆಗುತ್ತಾ?

ಉತ್ತರ: ಆಗುತ್ತದೆ, ಧೈರ್ಯವಾಗಿರಿ. ಯೂನಿಕೋಡ್ ಅಂದರೆ ಅಕ್ಷರಕ್ಕೊಂದು ಸಂಖ್ಯೆ ಕೊಟ್ಟ ದೊಡ್ಡ ಪಟ್ಟಿ. ‘ಕ’ಗೆ 3221. ನಿಮ್ಮ ಫೈಲಿನೊಳಗೆ ಉಳಿಯುವುದು ಈ ಸಂಖ್ಯೆಯೇ. ಹೊಸ ಆವೃತ್ತಿ ಬಂದಾಗ ಪಟ್ಟಿಗೆ ಅಕ್ಷರಗಳು ಸೇರುತ್ತವೆ. ಇರುವ ಅಕ್ಷರ ಜಾಗ ಬಿಟ್ಟು ಕದಲುವುದಿಲ್ಲ.

ಮೊದಲು ಹೀಗಿರಲಿಲ್ಲ. 1991ರಲ್ಲಿ ಮೊದಲ ಆವೃತ್ತಿ ಬಂತು, ಕನ್ನಡ ಆಗಲೇ ಅದರಲ್ಲಿತ್ತು. 1996ರ 2.0ರಲ್ಲಿ ಕೊರಿಯನ್ ಲಿಪಿಯ ಸಾವಿರಾರು ಅಕ್ಷರಗಳನ್ನು ಬೇರೆ ಕಡೆಗೆ ಸರಿಸಿದರು. ಹಳೆಯ ಸಂಖ್ಯೆಗಳಲ್ಲಿ ಉಳಿಸಿದ್ದ ಕೊರಿಯನ್ ಬರಹಕ್ಕೆ ಹೊಸ ಪಟ್ಟಿಯಲ್ಲಿ ಅರ್ಥವೇ ಇಲ್ಲದಂತಾಯಿತು. 2.0ರಿಂದ ಈಚೆಗೆ ಯಾವ ಅಕ್ಷರವನ್ನೂ ಸರಿಸುವುದಿಲ್ಲ, ತೆಗೆಯುವುದಿಲ್ಲ ಎಂಬ ನಿಯಮ ಇದೆ.

ಅದೆಷ್ಟು ಗಟ್ಟಿ ಅಂದರೆ, ಗೊತ್ತಿರುವ ತಪ್ಪನ್ನೂ ತೆಗೆಯುವುದಿಲ್ಲ. ಹಳಗನ್ನಡದ ‘ೞ’ ಗೊತ್ತಲ್ವಾ? ಸಂಖ್ಯೆ 3294. ಪಟ್ಟಿಯಲ್ಲಿ ಅದರ ಅಧಿಕೃತ ಹೆಸರು ‘ಕನ್ನಡ ಲೆಟರ್ ಫಾ’. ಶುದ್ಧ ತಪ್ಪು. ಆದರೆ ಹೆಸರನ್ನೂ ಬದಲಿಸುವಂತಿಲ್ಲ. ಅದಕ್ಕೇ ಸರಿಯಾದ ಹೆಸರನ್ನು ಪಕ್ಕದಲ್ಲಿ ಎರಡನೆಯದಾಗಿ ಸೇರಿಸಿದ್ದಾರೆ. ನೋಡಿದಾಗ ಬೇಜಾರಾಗುತ್ತದೆ, ನಿಜ. ಆದರೂ ಅವರು ಮಾಡಿದ್ದೇ ಸರಿ ಅನ್ನುತ್ತೇನೆ. ಆ ಹೆಸರನ್ನು ನೆಚ್ಚಿಕೊಂಡ ಪ್ರೋಗ್ರಾಮ್‌ಗಳು ಎಲ್ಲೆಲ್ಲಿ ಓಡುತ್ತಿವೆಯೋ ಯಾರು ಹುಡುಕುತ್ತಾರೆ?

ತಪ್ಪು ಶಾಶ್ವತವಾಗಿ ಉಳಿಯುವ ಕಡೆ ಬಿಡುಗಡೆಗೆ ಮುಂಚಿನ ತಿಂಗಳುಗಳೇ ಮುಖ್ಯ. ಈಚಿನ ವರ್ಷಗಳಲ್ಲಿ ಹೊಸ ಆವೃತ್ತಿ ಸೆಪ್ಟೆಂಬರ್‌ಗೆ ಬರುತ್ತಿದೆ. ಅದಕ್ಕೂ ಮೊದಲು ಆಲ್ಫಾ, ಬೀಟಾ ಎಂದು ಕರಡು ಹೊರಗಿಟ್ಟು ಅಭಿಪ್ರಾಯ ಕೇಳುತ್ತಾರೆ. ತಕರಾರು ಇದ್ದವರು ಆಗಲೇ ಹೇಳಬೇಕು. 2021ರ 14.0ರಲ್ಲಿ ನಮ್ಮ ‘ನಕಾರ ಪೊಲ್ಲು’, ಅಂದರೆ ಹಳೆಯ ಬರಹಗಳಲ್ಲಿ ಸ್ವರವಿಲ್ಲದ ‘ನ್’ಗೆ ಬಳಸುತ್ತಿದ್ದ ಅಕ್ಷರ, ಸೇರಿತು. 2024ರ 16.0ರಲ್ಲಿ ತುಳು-ತಿಗಳಾರಿ ಲಿಪಿಯೇ ಬಂತು. ಇಂಥ ಬೀಟಾ ಕರಡುಗಳನ್ನು ಲಿಪಿ ಬಲ್ಲ ನಮ್ಮ ಜನ ಕೂತು ಓದಬೇಕು ಅನ್ನುವುದು ನನ್ನ ಆಸೆ.

ನಕಾರ ಪೊಲ್ಲು ಟೈಪ್ ಮಾಡಿದಾಗ ಬರೀ ಚೌಕ ಕಂಡರೆ ಫೈಲು ಕೆಟ್ಟಿದೆ ಅಂದುಕೊಳ್ಳಬೇಡಿ. ನಿಮ್ಮ ಫಾಂಟ್‌ನಲ್ಲಿ ಆ ಅಕ್ಷರ ಇನ್ನೂ ಸೇರಿಲ್ಲ, ಅಷ್ಟೇ.

ನಿಜವಾಗಿ ಚಿಂತೆ ಮಾಡಬೇಕಾದ್ದು ಯೂನಿಕೋಡ್‌ಗೆ ಬರುವ ಮೊದಲು ಮಾಡಿದ ಫೈಲುಗಳ ಬಗ್ಗೆ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಆಸ್ಕಿ ಫಾಂಟ್‌ಗಳಲ್ಲಿ ಮಾಡಿದ ಕೆಲಸ ನಿಮ್ಮ ಹಾರ್ಡ್‌ಡಿಸ್ಕ್‌ನಲ್ಲಿ ಇದ್ದೇ ಇರುತ್ತದೆ. ಅಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಖ್ಯೆ. ಕನ್ನಡವಾಗಿ ತೋರಿಸುವುದು ಆ ಫಾಂಟ್ ಮಾತ್ರ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಒಂದು ಪದವೂ ಸಿಗುವುದಿಲ್ಲ. ಮೇಲೆ ಹೇಳಿದ ನಿಯಮ ಇವುಗಳನ್ನು ಕಾಯುವುದಿಲ್ಲ. ಬಿಡುವಾದಾಗ ಒಂದೊಂದಾಗಿ ಯೂನಿಕೋಡ್‌ಗೆ ಪರಿವರ್ತಿಸಿ, ಮೂಲ ಫೈಲು ಅಳಿಸಬೇಡಿ. ಅರ್ಕಾವತ್ತು, ಒತ್ತಕ್ಷರ, ವರದಿಯ ಅಂಕಿಗಳನ್ನು ಹಳೆಯ ಮುದ್ರಿತ ಪ್ರತಿ ಪಕ್ಕಕ್ಕಿಟ್ಟು ನೋಡಿ. ಪರಿವರ್ತಿಸುವಾಗ ಎಡವಟ್ಟಾಗುವುದು ಅಲ್ಲೇ.